ಹಿಡಿತದ ಮರಿಗಳು

ನಮ್ಮೂರಿನಲ್ಲಿ ಮಧ್ಯಾಹ್ನದ ಊಟವಾದ ಮೇಲೆ ಎಲ್ಲರೂ ಒಂದು ತಾಸು ಮಲಗುತ್ತಾರೆ. ಯಾರು ಎತ್ತ ಮುಖ ಮಾಡಿ ಮಲಗಿದರೂ ಸರಿ, ನಿದ್ದೆ ಹತ್ತಿದ ಸ್ವಲ್ಪ ಹೊತ್ತಿಗೆ ಮೈ ನಿಧಾನಕ್ಕೆ ಹೊರಳಿ ಮುಖ ಕೆರೆಯ ತೂಬಿನ ಕಡೆಗೆ ಬಂದು ನಿಲ್ಲುತ್ತದೆ. ಹಾಗಾಗಿ ನಮ್ಮಲ್ಲಿ ಚಾಪೆಗಳನ್ನು ದುಂಡಗೆ ಹೆಣೆಯುತ್ತಾರೆ. ಉದ್ದನೆಯ ಚಾಪೆಯಾದರೆ ಏಳುವಾಗ ಅರ್ಧ ಮೈ ನೆಲದ ಮೇಲಿರುತ್ತದೆ. ತೊಟ್ಟಿಲಿಗೆ ಒಂದೇ ಹಗ್ಗ. ಕ್ಷೌರದ ಈರಪ್ಪ ತೂಕಡಿಸುವವರ ಕೆನ್ನೆಗೆ ಕತ್ತಿ ಇಡುವುದಿಲ್ಲ. ಗಂಡನ ಮುಖ ನೋಡುತ್ತಾ ನಿದ್ದೆ ಮಾಡಿದ ಹೆಂಗಸು ನಮ್ಮೂರಲ್ಲಿ ಒಬ್ಬಳೂ ಇಲ್ಲ. ಒಬ್ಬರ ಬೆನ್ನು ಇನ್ನೊಬ್ಬರ ಮೂಗಿಗೆ, ಅಷ್ಟೇ ನಮ್ಮ ಸಂಸಾರ. ನನ್ನ ಗಂಡ ತೀರಿಕೊಂಡ ದಿನ ಹೆಣವನ್ನು ಗೋಡೆಗೆ ಆನಿಸಿ ಕೂರಿಸಿದ್ದರು. ಬಂದವರು ಇನ್ನೂ ಅಳುತ್ತಿರುವಾಗಲೇ ಹೆಣದ ಕುತ್ತಿಗೆ ಎಡಕ್ಕೆ ಹೊರಳಿ ತೂಬಿನತ್ತ ನಿಂತಿತು. ಯಾರೂ ಅದನ್ನು ಸರಿಪಡಿಸಲು ಹೋಗಲಿಲ್ಲ. ಮಣ್ಣು ಮಾಡುವಾಗಲೂ ಹಾಗೇ ಇಟ್ಟೆವು.

ನನ್ನ ಹೆಸರು ತುಂಗವ್ವ. ಮೀನುಗಾರರ ಸಂಘದ ಕೊಳಗಳಲ್ಲಿ ಮರಿ ಆರಿಸುವುದು ನನ್ನ ಕೆಲಸವಾಗಿತ್ತು. ಮೂವತ್ತೊಂದು ವರ್ಷ ಮಾಡಿದ್ದೇನೆ. ಬೆರಳುದ್ದಕ್ಕೂ ಬಾರದ ಮರಿಗಳನ್ನು ಬಿಳಿ ಬೋಗುಣಿಗೆ ಬಿಟ್ಟು, ಮೇಲೆ ಒದ್ದೆ ಬಟ್ಟೆ ಮುಚ್ಚಿ ನೂರು ಎಣಿಸಬೇಕು. ಬಟ್ಟೆ ತೆಗೆದಾಗ ಕೆಲವು ಮರಿಗಳು ಮೂತಿಯನ್ನು ತೂಬಿನ ಕಡೆಗೆ ಮಾಡಿ, ಬಾಲ ಮಾತ್ರ ಅಲುಗಿಸುತ್ತಾ ಸಾಲಾಗಿ ನಿಂತಿರುತ್ತವೆ. ಬೋಗುಣಿಯನ್ನು ತಿರುಗಿಸಿದರೂ ಅವು ದಿಕ್ಕು ಬಿಡುವುದಿಲ್ಲ. ಅವೇ ಹಿಡಿತದ ಮರಿಗಳು. ಉಳಿದವು ಮನಸ್ಸಿಗೆ ಬಂದತ್ತ ಓಡಾಡುತ್ತವೆ, ಅವಕ್ಕೆ ಬಿಡಾಡಿ ಎನ್ನುತ್ತೇವೆ. ಬಿಡಾಡಿಗಳು ಡಬ್ಬಿ ತುಂಬಿಕೊಂಡು ಲಾರಿಯಲ್ಲಿ ಬೇರೆ ಊರುಗಳಿಗೆ ಹೋಗುತ್ತವೆ. ಹಿಡಿತದವು ನಮಗೆ. ನಮ್ಮ ಸಾರಿಗೆ, ಬಾಣಂತಿಯರಿಗೆ, ಹಲ್ಲು ಮೂಡುವ ಕೂಸುಗಳಿಗೆ. ಕಣ್ಣು ಮುಚ್ಚಿಕೊಂಡು ಬೋಗುಣಿಗೆ ಕೈ ಹಾಕಿದರೂ ಹಿಡಿತದ ಮರಿ ಯಾವುದೆಂದು ನನ್ನ ಬೆರಳಿಗೆ ತಿಳಿಯುತ್ತಿತ್ತು. ಅದು ಸ್ವಲ್ಪ ತಣ್ಣಗಿರುತ್ತದೆ, ಸ್ವಲ್ಪ ತೂಕ. ಊರಿನ ಅರ್ಧ ಜನ ನನ್ನ ಕೈ ಆರಿಸಿದ್ದನ್ನು ತಿಂದು ಬೆಳೆದವರು ಎಂದು ನಾನು ಹೇಳಿಕೊಂಡು ತಿರುಗುತ್ತಿದ್ದೆ. ಜಂಬ ಇತ್ತು ನನಗೆ, ಸುಳ್ಳು ಯಾಕೆ ಹೇಳಲಿ.

ಒಮ್ಮೆ ಹೊರಗಿನಿಂದ ಕನ್ನಡಕದ ಮೇಷ್ಟ್ರೊಬ್ಬರು ಬಂದು ಕೆರೆಯ ದೊಡ್ಡ ಮೀನು, ನಡುವಿನ ಮೀನು, ಮರಿ ಎಲ್ಲವನ್ನೂ ಬೇರೆ ಬೇರೆ ಸೀಸೆಯಲ್ಲಿ ಹಾಕಿಕೊಂಡು ಹೋದರು. ಮೂರು ತಿಂಗಳಿಗೆ ಅಂಚೆಯಲ್ಲಿ ಒಂದು ಕಾಗದ ಬಂತು. ಮೇಲೆ ಪಟ್ಟಿ, ಕೆಳಗೆ ಒತ್ತಾದ ಬರಹ. ಸಂಘದ ಅಧ್ಯಕ್ಷ ಯಂಕಪ್ಪಣ್ಣ ಪಟ್ಟಿಯನ್ನಷ್ಟೇ ಓದಿದ. ಸೀಸ, ತಾಮ್ರ, ಕ್ಯಾಡ್ಮಿಯಂ ಎಂದು ಏನೇನೋ ಲೋಹಗಳ ಹೆಸರು. ಎಲ್ಲದರಲ್ಲೂ ದೊಡ್ಡ ಮೀನಿನ ಅಂಕಿ ಸಣ್ಣದು, ಮರಿಯ ಅಂಕಿ ದೊಡ್ಡದು. ಹಿಡಿತ ಮರಿಯಲ್ಲೇ ಹೆಚ್ಚು ಎಂದು ನಾವು ಮೊದಲಿನಿಂದ ಹೇಳುತ್ತಿದ್ದದ್ದು ಪೇಟೆಯವರ ಯಂತ್ರಕ್ಕೂ ಗೊತ್ತಾಯಿತಲ್ಲ ಎಂದು ಅವನಿಗೆ ಹಿಗ್ಗೋ ಹಿಗ್ಗು. ಕಾಗದಕ್ಕೆ ಗಾಜಿನ ಕಟ್ಟು ಹಾಕಿಸಿ, ಕುಂಕುಮ ಹಚ್ಚಿ ಸಂಘದ ಗೋಡೆಗೆ ತೂಗುಹಾಕಿದರು. ಕೆಳಗಿನ ಬರಹವನ್ನು ಯಾರೂ ಓದಲಿಲ್ಲ. ಪಟ್ಟಿಯ ಕೆಳಗೆ ಬರೆಯುವುದೆಲ್ಲ ಮರ್ಯಾದೆಯ ಮಾತು ಎಂದುಕೊಂಡೆವು.

ನಮ್ಮವರ ಒಸಡಿನ ಅಂಚಿಗೆ ಸಣ್ಣದೊಂದು ನೀಲಿ ಗೆರೆ ಇರುತ್ತದೆ. ಹೆಣ್ಣು ನೋಡಲು ಬಂದವರು ಮೊದಲು ನಗಿಸಿ ಅದನ್ನೇ ನೋಡುತ್ತಾರೆ. ನಲವತ್ತು ದಾಟಿದವರ ಬೆರಳು ನಡುಗುತ್ತದೆ, ಐವತ್ತು ದಾಟಿದವರು ಮಕ್ಕಳ ಹೆಸರು ಮರೆಯುತ್ತಾರೆ. ವಯಸ್ಸಾಯಿತು ಎನ್ನುತ್ತೇವೆ. ಬಸ್ ಸ್ಟ್ಯಾಂಡಿನ ಆಚೆ ಒಬ್ಬನಿದ್ದಾನೆ, ಚಿಕ್ಕಂದಿನಲ್ಲಿ ತಿರುಗದೆ ಹೋದವನು, ಹಾಗಾಗಿ ಅವನಿಗೆ ಹೆಸರಿಲ್ಲ. ನಮ್ಮಲ್ಲಿ ಕೂಸಿಗೆ ಹೆಸರಿಡುವುದು ಅದು ತಿರುಗಿದ ಮೇಲೆಯೇ. ವರ್ಷ ತುಂಬಿ ಎರಡು ತಿಂಗಳಾದ ಮೇಲೆ ಒಂದು ಮಧ್ಯಾಹ್ನ ಸಂಘದ ಅಂಗಳದಲ್ಲಿ, ಗೂಟದ ಮೇಲೆ ಕೂರಿಸಿದ ದುಂಡು ಮಣೆಯ ಮೇಲೆ ಕೂಸನ್ನು ಮಲಗಿಸುತ್ತಾರೆ. ನಿದ್ದೆ ಹತ್ತಿ ಮುಖ ತೂಬಿನತ್ತ ಬಂದರೆ ಹೆಸರು. ಬಾರದಿದ್ದರೆ ಶಾಲೆಯ ದಾಖಲೆ ಇಲ್ಲ, ಕೆರೆಗೆ ಇಳಿಯುವಂತಿಲ್ಲ, ಮಣ್ಣಿನಲ್ಲಿ ಜಾಗವೂ ಇಲ್ಲ. ಆ ಹೆಸರಿಲ್ಲದವನಿಗೆ ಮಾತ್ರ ಊರಿನ ಎಲ್ಲರ ಹೆಸರು ಬಾಯಿಪಾಠ. ಮುದುಕರು ಹೋಗಿ ತಮ್ಮ ಮಕ್ಕಳ ಹೆಸರು ಕೇಳಿಕೊಂಡು ಬರುತ್ತಾರೆ.

ನನ್ನ ಮಗ ಮಾರುತಿ ಹೊರಗಿನ ಹುಡುಗಿಯನ್ನು ಮದುವೆಯಾದ. ವಿಮಲಾ ಎಂದು ಹೆಸರು. ಓದಿದವಳು, ಮಾತು ಕಡಿಮೆ, ಹೊಲಿಗೆ ಚೆನ್ನಾಗಿ ಬರುತ್ತಿತ್ತು. ಹೊರಗಿನಿಂದ ಬಂದ ಸೊಸೆಯಂದಿರು ಸಾಮಾನ್ಯವಾಗಿ ಆರು ತಿಂಗಳಿಗೆ ತಿರುಗುತ್ತಾರೆ. ಇವಳು ಎರಡು ವರ್ಷವಾದರೂ ತಿರುಗಲಿಲ್ಲ. ಇವಳ ಮೈ ಗಟ್ಟಿ ಎಂದು ಅಕ್ಕಪಕ್ಕದವರು ಮೂಗು ಮುರಿದರು. ನಾನು ದಿನಾ ಅವಳ ತಟ್ಟೆಗೆ ಒಳ್ಳೊಳ್ಳೆ ಮರಿಗಳನ್ನೇ ಬಡಿಸುತ್ತಿದ್ದೆ. ತಟ್ಟೆ ಖಾಲಿಯಾಗುತ್ತಿತ್ತು, ಮೈ ಮಾತ್ರ ತಿರುಗುತ್ತಿರಲಿಲ್ಲ. ಆಮೇಲೆ ಒಂದು ದಿನ ಹಿತ್ತಲಿನ ಬೆಕ್ಕು ಬಟ್ಟೆ ಒಗೆಯುವ ಕಲ್ಲಿನ ಮೇಲೆ ಮಲಗಿದ್ದನ್ನು ನೋಡಿದೆ. ಬಿಸಿಲು ಇದ್ದದ್ದು ಈ ಕಡೆ. ಬೆಕ್ಕು ಬಿಸಿಲಿಗೆ ಬೆನ್ನು ಕೊಟ್ಟು ತೂಬಿನತ್ತ ಮೂತಿ ಇಟ್ಟು ನಿದ್ದೆ ಹೋಗಿತ್ತು. ಅದರ ಮುಂಗಾಲು ನಡುಗುತ್ತಿತ್ತು. ನಾನು ವಿಮಲಾಳನ್ನು ಕರೆದು ಬೆಕ್ಕು ತೋರಿಸಿದೆ.

"ಹೌದ್ರಿ ಅತ್ತಿ, ದಿನಾ ಬೆಕ್ಕಿಗೆ ಹಾಕೀನಿ," ಎಂದಳು. "ನನಗ ನನ್ನ ಕೂಸಿನ ಮಾರಿ ನೋಡ್ಕೋತ ಮಲಗಬೇಕ್ರಿ. ನಿಮ್ಮ ಹಂಗ ಗ್ವಾಡಿ ನೋಡ್ಕೋತ ಅಲ್ಲ."

ಆಗ ಅವಳಿಗೆ ಹೆಣ್ಣು ಕೂಸು ಹುಟ್ಟಿ ವರ್ಷವಾಗಿತ್ತು. ಹೆಸರಿಡುವವರೆಗೆ ಗುಬ್ಬಿ ಎಂದು ಕರೆಯುತ್ತಿದ್ದಳು. ಗುಬ್ಬಿ ಮಲಗುವುದನ್ನು ನೋಡಬೇಕಿತ್ತು. ಒಂದು ದಿನ ಬಾಗಿಲ ಕಡೆ, ಒಂದು ದಿನ ಒಲೆಯ ಕಡೆ, ಒಮ್ಮೊಮ್ಮೆ ಬೋರಲು, ಕಾಲನ್ನು ತಾಯಿಯ ಹೊಟ್ಟೆಯ ಮೇಲೆ ಹಾಕಿ. ಬಿಡಾಡಿ ಮರಿಯೇ ಸರಿ. ಬಾಯಲ್ಲಿ ನಾಲ್ಕು ಮಾತಿದ್ದವು: ಅವ್ವ, ಆಯಿ, ನೀ, ಬೌ. ನೀ ಎಂದರೆ ನೀರು, ಬೌ ಎಂದರೆ ನಾಯಿ, ಆಯಿ ಎಂದರೆ ಅಜ್ಜಿ, ಅಂದರೆ ನಾನು. ನಾನು ಕೊಳದಿಂದ ಬರುವ ಸದ್ದು ಕೇಳಿದರೆ ಹೊಸ್ತಿಲ ತನಕ ಅಂಬೆಗಾಲಿಕ್ಕಿಕೊಂಡು ಬಂದು ಸೆರಗು ಎಳೆಯುತ್ತಿತ್ತು. ಆ ಕೂಸನ್ನು ಕಂಡರೆ ನನಗೆ ಎಷ್ಟು ಜೀವವೋ ಅಷ್ಟೇ ಭಯ. ಮಣೆಯ ದಿನಕ್ಕೆ ಎರಡೇ ತಿಂಗಳು ಉಳಿದಿತ್ತು.

ಯಂಕಪ್ಪಣ್ಣ ಕೊಳದ ಹತ್ತಿರ ಬಂದು ನಿಂತು ಬೇರೆ ಏನೇನೋ ಮಾತಾಡಿ ಕೊನೆಗೆ ವಿಷಯಕ್ಕೆ ಬಂದ. "ನಿನ್ನ ಕೈಲೆ ಆರಿಸಿದ್ದು ತಿಂದು ಊರ ತಿರಗತೈತಿ, ತುಂಗವ್ವ. ನಿನ್ನ ಮನ್ಯಾಗಿನ ಕೂಸ ಬಿಡಾಡಿ ಆದ್ರ ನಾ ಮಂದಿಗೆ ಏನ್ ಹೇಳ್ಲಿ?" ಎಂದ. ಅವನ ದನಿಯಲ್ಲಿ ಗದರಿಕೆ ಇರಲಿಲ್ಲ, ಕನಿಕರ ಇತ್ತು. ಅದೇ ನನ್ನನ್ನು ಚುಚ್ಚಿದ್ದು.

ತೂಬಿನ ಕಲ್ಲುಗಳ ಸಂದಿಯಲ್ಲಿ ಕೆಲವು ಮರಿಗಳಿರುತ್ತವೆ. ಹುಟ್ಟಿದಲ್ಲಿಂದ ಅಲುಗದೆ, ಮೂತಿಯನ್ನು ಕಲ್ಲಿಗೆ ಹಚ್ಚಿಕೊಂಡು ನಿಂತಿರುತ್ತವೆ. ಬೇಯಿಸಿದರೆ ಹಳೆಯ ಕೀಲಿಕೈಯ ವಾಸನೆ. ದೊಡ್ಡವರೇ ಅವನ್ನು ತಿನ್ನಲು ಹೆದರುತ್ತಾರೆ, ಅಷ್ಟು ಹಿಡಿತ. ನಾನು ಅವನ್ನು ಹಿಡಿದು ತರತೊಡಗಿದೆ. ವಿಮಲಾ ಹನ್ನೊಂದು ಗಂಟೆಗೆ ಪಕ್ಕದ ಓಣಿಗೆ ಹೊಲಿಗೆ ಕಲಿಸಲು ಹೋಗುತ್ತಿದ್ದಳು. ಅವಳು ಬಾಗಿಲು ದಾಟಿದ ಕೂಡಲೇ ಮರಿಗಳನ್ನು ಬೇಯಿಸಿ, ಒರಳಲ್ಲಿ ಬೆಣ್ಣೆಯ ಹಾಗೆ ಅರೆದು, ಮೆತ್ತನೆಯ ಅನ್ನದಲ್ಲಿ ಎರಡು ಚಮಚ ಕಲಸಿ ಉಣಿಸುತ್ತಿದ್ದೆ. ಗುಬ್ಬಿ ಮೊದಲ ದಿನ ಮುಖ ಕಿವುಚಿತು. ನಾಲ್ಕನೆಯ ದಿನಕ್ಕೆ ಬಾಯಿ ತೆರೆದು ಕಾಯುತ್ತಿತ್ತು. ಕೂಸಿಗೆ ಊರು ಕೊಡುತ್ತಿದ್ದೇನೆ, ಹೆಸರು ಕೊಡುತ್ತಿದ್ದೇನೆ ಎಂದುಕೊಂಡೆ. ಉಣಿಸಿದ ಮೇಲೆ ಬಾಯಿ ಒರೆಸಿ, ಒರಳು ತೊಳೆದು, ನೀರನ್ನು ಹಿತ್ತಲಿಗೆ ಚೆಲ್ಲುತ್ತಿದ್ದೆ. ಒಂದು ತಿಂಗಳಾದ ಮೇಲೆ ಎರಡು ಚಮಚ ಮೂರಾಯಿತು.

ಮಣೆಯ ದಿನ ಇಡೀ ಊರು ಸೇರಿತ್ತು. ವಿಮಲಾ ಕೂಸನ್ನು ಮಲಗಿಸುವಾಗ ಅವಳ ಮುಖದಲ್ಲಿ ಒಂಥರಾ ಧೈರ್ಯ ಇತ್ತು. ಹೇಗೂ ತಿರುಗುವುದಿಲ್ಲ, ಆಮೇಲೆ ಗಂಡನನ್ನು ಕರೆದುಕೊಂಡು ಈ ಊರು ಬಿಟ್ಟು ಹೋಗಬಹುದು ಎಂದು ಲೆಕ್ಕ ಹಾಕಿದ್ದಳು ಎಂದು ಆಮೇಲೆ ತಿಳಿಯಿತು. ಕೂಸು ಕಣ್ಣು ಮುಚ್ಚಿತು. ಸಾಮಾನ್ಯವಾಗಿ ಕೂಸುಗಳು ಕಾಲು ಗಂಟೆ ತೆಗೆದುಕೊಳ್ಳುತ್ತವೆ, ಒಂದಿಷ್ಟು ಹೊರಳಾಡಿ ಆಮೇಲೆ ಮುಖ ಹೊರಳಿಸುತ್ತವೆ. ನಮ್ಮ ಗುಬ್ಬಿ ಅಲುಗಲಿಲ್ಲ. ಮಣೆಯೇ ತಿರುಗಿತು. ಗೂಟದ ಮೇಲೆ ಕಿರುಗುಟ್ಟುತ್ತಾ ಕೂಸನ್ನು ಹೊತ್ತುಕೊಂಡು ಅರ್ಧ ಸುತ್ತು ಬಂದು, ಅದರ ಮುಖ ತೂಬಿಗೆ ನೇರವಾದಾಗ ಗಕ್ಕನೆ ನಿಂತಿತು. ಯಂಕಪ್ಪಣ್ಣ ಹೋಗಿ ಮಣೆಯನ್ನು ಹಿಂದಕ್ಕೆ ತಳ್ಳಿ ಪರೀಕ್ಷೆ ಮಾಡಿದ. ಕೈ ಬಿಟ್ಟ ಕೂಡಲೇ ಅದು ಮತ್ತೆ ಅಲ್ಲಿಗೇ ಬಂತು. ಇಂಥ ಹಿಡಿತವನ್ನು ಯಾರೂ ಕಂಡಿರಲಿಲ್ಲ. ಜನ ಕೈ ಮುಗಿದರು. ಕಸ್ತೂರಿ ಎಂದು ಹೆಸರಿಟ್ಟರು. ನಾನು ನಗುತ್ತಾ ಸುತ್ತ ನೋಡಿದೆ. ವಿಮಲಾ ಒಬ್ಬಳು ನನ್ನನ್ನೇ ನೋಡುತ್ತಿದ್ದಳು.

ಅದಾಗಿ ಎಂಟು ದಿನಕ್ಕೆ ಕೂಸು ಎಚ್ಚರವಿದ್ದಾಗಲೂ ತೂಬಿನ ಕಡೆಗೇ ಮುಖ ಮಾಡಿ ಕೂರತೊಡಗಿತು. ಎತ್ತಿ ಈ ಕಡೆ ಕೂರಿಸಿದರೆ ಅಳುವುದಿಲ್ಲ, ಕಿರುಚುವುದಿಲ್ಲ, ಕುಂಡೆ ಸರಿಸಿಕೊಂಡು ಸುತ್ತಿ ಮತ್ತೆ ಆ ಗೋಡೆಗೆ ಮುಖ ಕೊಡುತ್ತಿತ್ತು. ಬಟ್ಟಲು ಹಿಡಿಯುವಾಗ ಕೈ ಅದುರುತ್ತಿತ್ತು. ನಾನು ಕೊಳದಿಂದ ಬಂದರೆ ಹೊಸ್ತಿಲಲ್ಲಿ ಯಾರೂ ಇರುತ್ತಿರಲಿಲ್ಲ. ಮೊದಲು ಬೌ ಹೋಯಿತು, ಆಮೇಲೆ ನೀ, ಆಮೇಲೆ ಆಯಿ. ಅವ್ವ ಎನ್ನುವುದು ಒಂದು ವಾರ ಹೆಚ್ಚಿಗೆ ಉಳಿದಿತ್ತು. ಒಂದು ಬೆಳಿಗ್ಗೆ ವಿಮಲಾ ಕೂಸಿನ ಹಿಂದೆ ಕೂತು ಗುಬ್ಬೀ, ಗುಬ್ಬೀ ಎಂದು ಕರೆಯುತ್ತಿದ್ದಳು. ಕಸ್ತೂರಿ ಎಂದಳು. ಮತ್ತೆ ಗುಬ್ಬಿ ಎಂದಳು. ಚಪ್ಪಾಳೆ ತಟ್ಟಿದಳು. ಕೂಸಿನ ನೆತ್ತಿ ಅಲುಗಲಿಲ್ಲ. ನಾನು ಅಡುಗೆಮನೆಯ ಬಾಗಿಲಲ್ಲಿ ನಿಂತು ನೋಡಿದೆ. ಮಾರುತಿಗೆ ಹೇಳಿದರೆ ಎಲ್ಲ ಕೂಸುಗಳೂ ಹೀಗೇ ಇರುತ್ತವೆ ಎಂದ. ಅವನು ಕೂಡ ಚಿಕ್ಕಂದಿನಲ್ಲಿ ತಡವಾಗಿ ಮಾತು ಕಲಿತವನು. ಯಾಕೆ ತಡವಾಯಿತು ಎಂದು ನಾನು ಎಂದೂ ಯೋಚಿಸಿರಲಿಲ್ಲ.

ಮರುದಿನ ವಿಮಲಾ ಸಂಘದ ಕಚೇರಿಗೆ ಹೋಗಿ ಗೋಡೆಯ ಕಟ್ಟಿನ ಮುಂದೆ ನಿಂತು, ಕುಂಕುಮವನ್ನು ಸೆರಗಿನಿಂದ ಒರೆಸಿ, ಪಟ್ಟಿಯ ಕೆಳಗಿನ ಬರಹವನ್ನೆಲ್ಲ ಓದಿಕೊಂಡು ಬಂದಳು. ಮನೆಗೆ ಬಂದು ನನ್ನ ಎದುರು ಕೂತು ಹೇಳಿದಳು. ಮರಿಗಳು ಬೆಳೆಯುವ ಆತುರದಲ್ಲಿ ನೀರಿನೊಳಗೆ ಕರಗಿದ ಲೋಹವನ್ನೆಲ್ಲ ಮೈಗೆ ಎಳೆದುಕೊಳ್ಳುತ್ತವಂತೆ, ಹೊರಗೆ ಹಾಕುವ ಶಕ್ತಿ ಅವಕ್ಕೆ ಇನ್ನೂ ಬಂದಿರುವುದಿಲ್ಲವಂತೆ. ಮನುಷ್ಯರ ಕೂಸುಗಳದ್ದೂ ಅದೇ ಪಾಡಂತೆ. ಈ ಕೆರೆಯ ಮರಿಗಳನ್ನು ಯಾರೂ ತಿನ್ನಬಾರದು, ಚಿಕ್ಕ ಮಕ್ಕಳಂತೂ ಮುಟ್ಟಲೇಬಾರದು ಎಂದು ಆ ಮೇಷ್ಟ್ರು ದಪ್ಪ ಅಕ್ಷರದಲ್ಲಿ ಬರೆದಿದ್ದರಂತೆ. ಹದಿನೈದು ವರ್ಷ ಆ ಕಟ್ಟಿನ ಕೆಳಗೆ ಕೂತು ನಾವು ಚಹಾ ಕುಡಿದಿದ್ದೆವು.

"ನಾ ಕೂಸಿಗೆ ಒಂದ್ ತುತ್ತೂ ಕೊಟ್ಟಿಲ್ಲ," ಎಂದಳು ವಿಮಲಾ. "ಎಷ್ಟ್ ದಿನ ಕೊಟ್ರಿ, ಅತ್ತಿ?"

ಸುಳ್ಳು ಹೇಳಬಹುದಿತ್ತು. ನಾಲಿಗೆ ತುದಿಗೆ ಬಂದಿತ್ತು ಕೂಡ. "ಐವತ್ನಾಲ್ಕ್ ದಿನ," ಎಂದೆ. "ತೂಬಿನ ಸಂದ್ಯಾಗಿನವು."

ಅವಳು ಬೈಯಲಿಲ್ಲ. ಬೈದಿದ್ದರೆ ನಾನೂ ತಿರುಗಿ ಬೈದು ಹಗುರಾಗುತ್ತಿದ್ದೆ. ಎದ್ದು ಹೋಗಿ ಒರಳುಕಲ್ಲನ್ನು ಮೂಸಿ ನೋಡಿದಳು. ಆಮೇಲೆ ಕೂಸಿನ ಪಕ್ಕದಲ್ಲಿ, ಅದು ನೋಡುತ್ತಿದ್ದ ಗೋಡೆಗೇ ಬೆನ್ನು ಹಚ್ಚಿ ಕೂತಳು. ಹಾಗೆ ಕೂತರೆ ಕೂಸಿನ ಕಣ್ಣು ಅವಳ ಮೇಲೆ ಬೀಳುತ್ತಿತ್ತು. ಬಿದ್ದರೂ ಅವಳನ್ನು ದಾಟಿ ಹೋಗುತ್ತಿತ್ತು. ನನಗೆ ಅಳು ಬಂತು. ಮೂವತ್ತೊಂದು ವರ್ಷ ಬೋಗುಣಿ ಬೋಗುಣಿಯಲ್ಲಿ ಒಳ್ಳೆಯದನ್ನು ಹೊರಗೆ ಕಳಿಸಿ ಕೆಟ್ಟದ್ದನ್ನು ಹುಡುಕಿ ಹುಡುಕಿ ಮಕ್ಕಳ ಬಾಯಿಗೆ ಇಟ್ಟಿದ್ದೆ. ಯಾರೂ ಆರಿಸದೆ ಸುಮ್ಮನೆ ಕೆರೆಯಿಂದ ಗೋರಿ ತಿಂದಿದ್ದರೂ ಇಷ್ಟು ಆಗುತ್ತಿರಲಿಲ್ಲ. ನನ್ನ ಕೈ ಚುರುಕಾಗಿದ್ದದ್ದೇ ತಪ್ಪಾಯಿತು. ಮರುದಿನ ಕೊಳಕ್ಕೆ ಹೋಗಿ ಹಿಡಿತದ ಮರಿಗಳನ್ನೆಲ್ಲ ಬಸಿದು ಬೂದಿಗುಂಡಿಯಲ್ಲಿ ಹೂತು, ಬಿಡಾಡಿಗಳನ್ನು ಊರಿನ ಬುಟ್ಟಿಗೆ ಹಾಕಿದೆ. ಯಂಕಪ್ಪಣ್ಣನಿಗೆ ಎಲ್ಲವನ್ನೂ ಬಿಚ್ಚಿ ಹೇಳಿದೆ. ಅವನು ಪೂರ್ತಿ ಕೇಳಿಸಿಕೊಂಡು, ನಿನಗೆ ಆಯಾಸವಾಗಿದೆ, ಇನ್ನು ಮನೆಯಲ್ಲಿರು ಎಂದ. ಸಂಜೆಯೊಳಗೆ ಬೋಗುಣಿಯ ಮುಂದೆ ಬೇರೊಬ್ಬಳು ಕೂತಿದ್ದಳು.

ವಿಮಲಾಳ ತವರಿನ ಕಡೆ ದೊಡ್ಡ ಆಸ್ಪತ್ರೆ ಇತ್ತು. ಅಲ್ಲಿ ತೋರಿಸಿದರೆ ಏನಾದರೂ ಆದೀತು, ಆಗದೆಯೂ ಹೋದೀತು, ಆದರೆ ಇಲ್ಲಿದ್ದರೆ ಏನೂ ಆಗುವುದಿಲ್ಲ ಎಂದಳು. ಮಾರುತಿ ಬಲೆ ಎತ್ತುವ ಕಾಲ ಮುಗಿಯಲಿ, ಬರುತ್ತೇನೆ ಎಂದ. ಅವಳು ಕಾಯಲಿಲ್ಲ. ಹೊರಗಿನ ಬಸ್ಸು ನಮ್ಮೂರಿಗೆ ಬರುವುದು ಮಧ್ಯಾಹ್ನ ಎರಡೂವರೆಗೆ, ಊರೆಲ್ಲ ಮಲಗಿರುವ ಹೊತ್ತಿಗೆ. ಆ ತಾಸಿನಲ್ಲಿ ನಮ್ಮವರನ್ನು ಬಡಿದರೂ ಎಬ್ಬಿಸಲಾಗುವುದಿಲ್ಲ. ಹೊರಡುವ ಮುಂಚೆ ವಿಮಲಾ ಮಲಗಿದ್ದ ಗಂಡನನ್ನು ಸುತ್ತಿ ಹೋಗಿ, ಚಾಪೆಗೂ ಗೋಡೆಗೂ ನಡುವಿನ ಇಕ್ಕಟ್ಟಿನಲ್ಲಿ ಕುಕ್ಕರಗಾಲಲ್ಲಿ ಕೂತು ಅವನ ಮುಖವನ್ನು ಸ್ವಲ್ಪ ಹೊತ್ತು ನೋಡಿದಳು. ನಾನು ನಿದ್ದೆಗೆ ಜಾರಬಾರದೆಂದು ಬೆಳಿಗ್ಗೆಯಿಂದ ಏನೂ ಉಂಡಿರಲಿಲ್ಲ. ಆದರೂ ಕುತ್ತಿಗೆಯನ್ನು ಯಾರೋ ಎರಡೂ ಕೈಯಲ್ಲಿ ಹಿಡಿದು ತಿರುಗಿಸುತ್ತಿರುವಂತಿತ್ತು. ಟ್ರಂಕು ಹೊತ್ತು ಅವಳ ಹಿಂದೆ ನಡೆದೆ. ದಾರಿಯುದ್ದಕ್ಕೂ ಕಟ್ಟೆಗಳ ಮೇಲೆ, ಅಂಗಡಿಯ ಹಲಗೆಗಳ ಮೇಲೆ, ಮರದ ನೆರಳಲ್ಲಿ ಜನ ಮಲಗಿದ್ದರು. ನಾವು ಕೆರೆಗೆ ಬೆನ್ನು ಹಾಕಿ ನಡೆಯುತ್ತಿದ್ದರಿಂದ ಎಲ್ಲ ಮುಖಗಳೂ ನಮ್ಮ ಕಡೆಗೇ ಇದ್ದವು, ಕಣ್ಣು ಮುಚ್ಚಿಕೊಂಡು.

ಬಸ್ ಸ್ಟ್ಯಾಂಡಿನಲ್ಲಿ ಅವಳು ಟ್ರಂಕು ಇಸಿದುಕೊಂಡು, "ನೀವೂ ಬರ್ರಿ ಅತ್ತಿ," ಎಂದಳು. ಅವಳು ಹಾಗೆ ಕರೆಯುತ್ತಾಳೆಂದು ನಾನು ಎಣಿಸಿರಲಿಲ್ಲ. ಆ ಮಾತನ್ನು ತಾಳಿಕೊಳ್ಳುವುದು ಕಷ್ಟವಾಯಿತು. ಮನೆಯಲ್ಲಿ ಮಗನಿದ್ದಾನೆ, ಅವನ ತಟ್ಟೆಗೆ ಏನು ಬೀಳುತ್ತದೆಂದು ನೋಡಿಕೊಳ್ಳುವವರು ಬೇಕು ಎಂದೆ. ಅವಳು ತಲೆಯಾಡಿಸಿ ಹತ್ತಿದಳು. ಕೂಸು ಅವಳ ತೊಡೆಯ ಮೇಲೆ ಆಗಲೇ ನಿದ್ದೆ ಹೋಗಿತ್ತು.

ನಮ್ಮೂರಿನಿಂದ ಹೊರಗೆ ಹೋಗುವ ರಸ್ತೆ ಕೆರೆಗೆ ಬೆನ್ನು ಮಾಡಿ ದಿಬ್ಬ ಹತ್ತುತ್ತದೆ, ಆಮೇಲೆ ನಾಲ್ಕು ತಿರುವು. ಬಸ್ಸು ಮೊದಲನೆಯ ತಿರುವಿನಲ್ಲಿ ಹೊರಳಿದಾಗ ಕಿಟಕಿಯಲ್ಲಿ ಕೂಸಿನ ಮುಖ ಕಂಡಿತು, ನನ್ನ ಕಡೆಗೆ. ಎರಡನೆಯದರಲ್ಲಿ ಬಸ್ಸು ಆಚೆ ಹೊರಳಿತು, ಮುಖ ಮಾತ್ರ ಇತ್ತಲೇ ಇತ್ತು. ವಿಮಲಾ ಕೂಸನ್ನು ಎದೆಗೊತ್ತಿಕೊಂಡಿದ್ದಳು, ಅವಳ ಭುಜದ ಮೇಲಿಂದ ಹಿಂದಿನ ಗಾಜಿನಲ್ಲಿ ಅದು ಬೆಳ್ಳಗೆ ಕಾಣುತ್ತಿತ್ತು. ಒಂದು ಗಳಿಗೆ ಕೂಸು ಆಯಿಯನ್ನು ನೋಡುತ್ತಿದೆ ಎಂದುಕೊಂಡು ಕೈ ಎತ್ತಿದೆ. ನನ್ನ ಬೆನ್ನ ಹಿಂದೆ ತೂಬಿತ್ತು. ಐವತ್ನಾಲ್ಕು ದಿನ ಈ ಕಡೆ ತಿರುಗು, ಈ ಕಡೆ ತಿರುಗು ಎಂದು ಒರಳಿನ ಮುಂದೆ ಬೇಡಿಕೊಂಡವಳು ನಾನು. ಈಗ ಆ ನಿದ್ದೆ ಹೋದ ಊರಿನ ನಡುವೆ ನಿಂತು ಗಂಟಲು ಹರಿಯುವ ಹಾಗೆ ಕೂಗಿದೆ.

"ಆ ಕಡಿ ತಿರುಗ, ನಮ್ಮವ್ವ. ನನ್ನ ನೋಡಬ್ಯಾಡ. ನಿಮ್ಮವ್ವನ ಕಡಿ ತಿರುಗ."

ಮಲಗಿದವರು ಯಾರೂ ಏಳಲಿಲ್ಲ. ಬಸ್ಸು ಮೂರನೆಯ ತಿರುವು ದಾಟಿತು, ನಾಲ್ಕನೆಯದನ್ನೂ ದಾಟಿತು. ಕಣ್ಣಿಗೆ ಕಾಣುವಷ್ಟು ದೂರ ಆ ಮುಖ ನನ್ನ ಕಡೆಗೇ ಇತ್ತು.